ಕಾರವಾರದ ಸೆಕೆಯಲ್ಲಿ 6000ವೋ 6400ವೋ: ಎರಡು ರ‍್ಯಾಮ್ ಕಿಟ್‌ಗಳ ಹೋಲಿಕೆ

ಎರಡೂ ಡಿಡಿಆರ್5, ಎರಡೂ 16 ಜಿಬಿಯ ಜೋಡಿ. ಬಿಳಿ ಹೀಟ್‌ಸಿಂಕ್ ಇರೋದು 6000 ಸಿಎಲ್30, 1.35 ವೋಲ್ಟ್ (6000 ಅನ್ನೋದು ಸ್ಪೀಡು, ಸಿಎಲ್ ಅಂದರೆ ಡೇಟಾ ಕೇಳಿದ ಮೇಲೆ ಕಾಯಬೇಕಾದ ಕ್ಲಾಕ್‌ಗಳ ಸಂಖ್ಯೆ). ಕಪ್ಪಿಂದು 6400 ಸಿಎಲ್32, 1.40 ವೋಲ್ಟ್. ಕಂಪನಿ ಹೆಸರು ಬೇಡ, ಬಿಳಿ, ಕಪ್ಪು ಅಂತಲೇ ಕರೆಯುತ್ತೇನೆ. ಪ್ರೊಸೆಸರ್ ಎಎಂಡಿ ಕಂಪನಿಯ ರೈಜೆನ್ 7 7700. ಮನೆ ಕೋಡಿಬಾಗದಲ್ಲಿ, ಎಸಿ ಇಲ್ಲ, ಫ್ಯಾನ್ ಮಾತ್ರ. ಏಪ್ರಿಲ್‌ನಿಂದ ಮಳೆ ಹಿಡಿಯೋವರೆಗೆ ಎರಡನ್ನೂ ಅದಲು ಬದಲು ಹಾಕಿ ನೋಡಿದೆ.

ಮೊದಲು ಲೆಕ್ಕ. ಸಿಎಲ್ ಸಂಖ್ಯೆಯನ್ನು 2000ದಿಂದ ಗುಣಿಸಿ ಸ್ಪೀಡಿನಿಂದ ಭಾಗಿಸಿದರೆ ಈ ಕಾಯೋ ಹೊತ್ತು ನ್ಯಾನೊಸೆಕೆಂಡ್‌ನಲ್ಲಿ ಸಿಗುತ್ತದೆ. ಬಿಳಿಗೆ 10, ಕಪ್ಪಿಗೂ 10. ಅಲ್ಲಿಗೆ ಸಮ. (ಅಗ್ಗಕ್ಕೆ ಸಿಗೋ 5600 ಸಿಎಲ್40ಕ್ಕೆ ಇದು 14 ದಾಟುತ್ತದೆ, ತಗೊಳ್ಳೋ ಮುಂಚೆ ಈ ಲೆಕ್ಕ ಹಾಕಿ.) ಉಳಿದದ್ದು ಬ್ಯಾಂಡ್‌ವಿಡ್ತ್, ಅಂದರೆ ಒಂದು ಸೆಕೆಂಡಿಗೆ ಎಷ್ಟು ಡೇಟಾ ಸಾಗುತ್ತದೆ ಅನ್ನೋದು: ಎರಡು ಚಾನೆಲ್ ಸೇರಿ ಬಿಳಿ ಸೆಕೆಂಡಿಗೆ 96 ಜಿಬಿ, ಕಪ್ಪು 102.4 ಜಿಬಿ. ಕಾಗದದ ಮೇಲೆ ಕಪ್ಪು ಗೆದ್ದ ಹಾಗೆ ಕಾಣುತ್ತದೆ ಅಲ್ವಾ? ಆದರೆ 7700ರಲ್ಲಿ ಕೋರ್‌ಗಳಿರುವ ಚಿಪ್ಲೆಟ್ (ಪ್ರೊಸೆಸರಿನೊಳಗಿನ ಪುಟ್ಟ ಚಿಪ್) ಒಂದೇ. ಮೆಮೊರಿಯಿಂದ ಓದಿದ ಡೇಟಾ ಅದಕ್ಕೆ ಒಂದು ಕ್ಲಾಕ್‌ಗೆ 32 ಬೈಟ್ ಮಾತ್ರ ತಲುಪುತ್ತದೆ. ಚಿಪ್ಲೆಟ್‌ಗೆ ಡೇಟಾ ತರೋ ದಾರಿ, ಅಂದರೆ ಫ್ಯಾಬ್ರಿಕ್, 2000 ಮೆಗಾಹರ್ಟ್ಸ್‌ನಲ್ಲಿ ಓಡಿದರೆ ಸೆಕೆಂಡಿಗೆ 64 ಜಿಬಿ, ಅಷ್ಟೇ. 2024ರ ಆಗಸ್ಟ್‌ನಲ್ಲಿ ಹಳೇ ಕಾಳಿ ಸೇತುವೆ ಬಿದ್ದ ಮೇಲೆ ಎರಡೂ ಕಡೆಯ ಗಾಡಿಗಳು ಒಂದೇ ಸೇತುವೆ ಮೇಲೆ ಬರಬೇಕಾಯಿತಲ್ಲ, ಹಾಗೆ: ಆಚೆ ರಸ್ತೆ ಎಷ್ಟು ಅಗಲ ಇದ್ದರೂ ಸೇತುವೆ ಬಿಟ್ಟಷ್ಟೇ ದಾಟೋದು. ಓದುವ ವೇಗದಲ್ಲಿ ಎರಡು ಕಿಟ್‌ಗೂ ನನಗೆ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ.

ಇನ್ನೊಂದು ಖರ್ಚೂ ಇದೆ. 6400ನ್ನು ಒಂದಕ್ಕೊಂದು ಅನುಪಾತದಲ್ಲಿ, ಅಂದರೆ ಮೆಮೊರಿ ಮತ್ತು ಅದರ ಕಂಟ್ರೋಲರ್ ಒಂದೇ ಕ್ಲಾಕಿನಲ್ಲಿ, ಓಡಿಸಬೇಕಾದರೆ ಪ್ರೊಸೆಸರಿನೊಳಗಿನ ಆ ಮೆಮೊರಿ ಕಂಟ್ರೋಲರ್ 3200 ಮೆಗಾಹರ್ಟ್ಸ್‌ಗೆ ಹೋಗಬೇಕು. ನನ್ನ ಪ್ರೊಸೆಸರ್ ಅದಕ್ಕೆ ಎಸ್‌ಒಸಿ ವೋಲ್ಟೇಜ್ (ಆ ಕಂಟ್ರೋಲರ್ ಇರುವ ಭಾಗಕ್ಕೆ ಕೊಡೋ ವೋಲ್ಟೇಜ್) 1.25 ಕೇಳಿತು. 6000ಕ್ಕೆ 1.15 ಸಾಕಾಯಿತು. 2023ರಲ್ಲಿ ಎಎಂಡಿಯೇ ಇದಕ್ಕೆ 1.3ರ ಮಿತಿ ಹಾಕಿದೆ, ಅದರ ಹತ್ತಿರ ವರ್ಷಗಟ್ಟಲೆ ಓಡಿಸೋಕೆ ನನಗೆ ಇಷ್ಟ ಇಲ್ಲ.

ಈಗ ಟೆಸ್ಟಿಂಗ್‌ಗೆ ಬರುತ್ತೇನೆ. ಇದನ್ನು ಬರೆಯೋಕೆ ಕೂತಿದ್ದೇ ಇದಕ್ಕಾಗಿ. ಕಪ್ಪು ಕಿಟ್ ಹಾಕಿ, ಎಕ್ಸ್‌ಪೋ (ಕಿಟ್‌ನ ಪೂರ್ತಿ ಸ್ಪೀಡ್ ಕೊಡೋ ಸೆಟ್ಟಿಂಗ್) ಆನ್ ಮಾಡಿ, ರಾತ್ರಿ ಪೆನ್‌ಡ್ರೈವ್‌ನಿಂದ ಮೆಮೊರಿ ಪರೀಕ್ಷಿಸೋ ಮೆಮ್‌ಟೆಸ್ಟ್86 ಹಚ್ಚಿ ಮಲಗಿದೆ. ಬೆಳಿಗ್ಗೆ ನಾಲ್ಕೂ ಪಾಸ್ ಮುಗಿದಿತ್ತು, ಒಂದೂ ಎರರ್ ಇಲ್ಲ. ನಂಬಿದೆ. ಹತ್ತು ದಿನ ಆದ ಮೇಲೆ ನಮ್ಮೂರಿನ ಯಕ್ಷಗಾನದ ಇಡೀ ರಾತ್ರಿಯ ರೆಕಾರ್ಡಿಂಗ್ ಕಟ್ಟಿಟ್ಟಿದ್ದ ಜಿಪ್ ಫೈಲ್ ಬಿಚ್ಚೋಕೆ ಹೋದರೆ ಸಿಆರ್‌ಸಿ ಎರರ್, ಅಂದರೆ ಒಳಗಿನ ಡೇಟಾ ಕೆಟ್ಟಿದೆ. ಮೂಲ ಫೈಲ್‌ಗಳು ಕ್ಯಾಮೆರಾ ಕಾರ್ಡಿನಲ್ಲಿ ಇನ್ನೂ ಇದ್ದವು, ಬಚಾವ್. ಇಲ್ಲದಿದ್ದರೆ ಆ ರಾತ್ರಿಯ ಆಟ ಹೋದ ಹಾಗೇ.

ಆಗ ಮಧ್ಯಾಹ್ನ ಎರಡು ಗಂಟೆಗೆ, ಕೋಣೆ 33 ಡಿಗ್ರಿ ಇರುವಾಗ, ವಿಂಡೋಸ್ ಒಳಗೇ ಓಡೋ ಮೆಮೊರಿ ಟೆಸ್ಟ್, ಟೆಸ್ಟ್‌ಮೆಮ್5 ಹಚ್ಚಿದೆ, ಜೊತೆಗೆ ಗ್ರಾಫಿಕ್ಸ್ ಕಾರ್ಡಿಗೂ ಒಂದು ಸ್ಟ್ರೆಸ್ ಟೆಸ್ಟ್. ಪಕ್ಕದಲ್ಲಿ ಎಚ್‌ಡಬ್ಲ್ಯೂಇನ್ಫೋ ತೆರೆದು ರ‍್ಯಾಮಿನ ಉಷ್ಣಾಂಶ ನೋಡುತ್ತಾ ಕೂತೆ. 46, 51, 55. 58 ಮುಟ್ಟಿ ಸ್ವಲ್ಪ ಹೊತ್ತಿಗೆ ಮೊದಲ ಎರರ್ ಬಿತ್ತು, ಅದರ ಹಿಂದೆಯೇ ಇನ್ನೆರಡು. ಬಿಳಿ ಕಿಟ್ಟನ್ನು ಹೀಗೆಯೇ ಓಡಿಸಿದೆ: 55ಕ್ಕೆ ನಿಂತಿತು, ಮೂರು ಗಂಟೆ ಕಾಲ ಒಂದೂ ಎರರ್ ಇಲ್ಲ.

ರಾತ್ರಿ ಯಾಕೆ ಸಿಕ್ಕಿಬೀಳಲಿಲ್ಲ? ಮೆಮ್‌ಟೆಸ್ಟ್86 ಓಡುವಾಗ ಗ್ರಾಫಿಕ್ಸ್ ಕಾರ್ಡ್ ಸುಮ್ನೆ ಕೂತಿರುತ್ತದೆ, ಕ್ಯಾಬಿನೆಟ್ ತಣ್ಣಗಿರುತ್ತದೆ. ಮೆಮೊರಿಯ ಒಂದೊಂದು ಬಿಟ್ ಅಂದರೆ ಸೋರುವ ಒಂದು ಪುಟ್ಟ ಕೊಡ. ಅದನ್ನು ಆಗಾಗ ತುಂಬುತ್ತಲೇ ಇರಬೇಕು, ಬಿಸಿ ಏರಿದಷ್ಟೂ ಸೋರೋದು ಜಾಸ್ತಿ. ಚಿಪ್ಪಿನೊಳಗೆ ತಪ್ಪು ತಿದ್ದೋ ಇಸಿಸಿ ಇದೆಯಲ್ಲ ಅನ್ನಬೇಡಿ, ಡಿಡಿಆರ್5ರ ಆ ಇಸಿಸಿ ಚಿಪ್ಪಿನಿಂದ ಹೊರಗೆ, ದಾರಿಯಲ್ಲಿ ಆಗುವ ತಪ್ಪನ್ನು ತಿದ್ದೋದಿಲ್ಲ.

ಮೇ ತಿಂಗಳಲ್ಲಿ ಶಿರಸಿಯ ದೊಡ್ಡಪ್ಪನ ಮನೆಗೆ ಹೋಗುವಾಗ ಕ್ಯಾಬಿನೆಟ್ಟನ್ನೂ ಕಾರಿನ ಹಿಂದಿನ ಸೀಟಿಗೆ ಬೆಲ್ಟ್ ಹಾಕಿ ಕೂರಿಸಿಕೊಂಡು ದೇವಿಮನೆ ಘಟ್ಟ ಹತ್ತಿದೆ. "ಪೆಟ್ಟಿಗೆನ ಇಲ್ಲೀವರೆಗೆ ಹೊತ್ಕಂಡು ಬಂದ್ಯಲ ಮಾರಾಯ" ಅಂದರು ದೊಡ್ಡಪ್ಪ. ಹಂಚಿನ ಮನೆ, ಸುತ್ತ ಅಡಿಕೆ ತೋಟ, ಸಂಜೆ ಕೋಣೆ 25 ಡಿಗ್ರಿ. ಕಪ್ಪು ಕಿಟ್, ಅದೇ ಸೆಟ್ಟಿಂಗ್, ಅದೇ ಟೆಸ್ಟ್. 50 ದಾಟಲಿಲ್ಲ, ಪೂರ್ತಿ ಪಾಸ್. ವಾಪಸ್ ಬಂದು ಕಾರವಾರದಲ್ಲೇ ರ‍್ಯಾಮ್ ಮೇಲೆ 120 ಎಂಎಂ ಫ್ಯಾನ್ ಕಟ್ಟಿದೆ, ಆಗಲೂ ಪಾಸ್. ಅಂದರೆ ಕಪ್ಪು ಕಿಟ್ ಕೆಟ್ಟಿಲ್ಲ, ಅದಕ್ಕೆ ನಮ್ಮ ಕರಾವಳಿಯ ಸೆಕೆ ತಡೆಯೋದಿಲ್ಲ, ಅಷ್ಟೇ.

ಬಿಳಿಗೂ ಮಿತಿ ಇದೆ. ಟಿಆರ್‌ಇಎಫ್‌ಐ ಅಂದರೆ ಆ ಕೊಡ ತುಂಬೋ ಅಂತರ. 6000ದಲ್ಲಿ ಮಾಮೂಲು 3.9 ಮೈಕ್ರೊಸೆಕೆಂಡ್ ಅಂದರೆ 11700 ಕ್ಲಾಕ್. ಇದನ್ನು ಏರಿಸಿದರೆ ಲೇಟೆನ್ಸಿ (ಡೇಟಾಕ್ಕೆ ಕಾಯೋ ಹೊತ್ತು) ನಿಜಕ್ಕೂ ಇಳಿಯುತ್ತದೆ, 6400ಕ್ಕೆ ಹಾರಿದ್ದಕ್ಕಿಂತ ಜಾಸ್ತಿ ಲಾಭ ನನಗೆ ಇಲ್ಲೇ ಸಿಕ್ಕಿತು. 50000 ಇಟ್ಟಾಗ ಬೆಳಿಗ್ಗೆ ಪಾಸ್, ಮಧ್ಯಾಹ್ನ ಎರರ್. 32768ಕ್ಕೆ ಇಳಿಸಿದೆ, ಆಮೇಲೆ ತೊಂದರೆ ಇಲ್ಲ.

ಮಾಡಿ ನೋಡುವವರಿಗೆ ಎರಡು ಮಾತು. ಸೆಟ್ಟಿಂಗ್ ಬದಲಿಸಿದ ಮೇಲೆ ಮೊದಲ ಬೂಟ್‌ಗೆ ಸ್ಕ್ರೀನ್ ಕೆಲವು ನಿಮಿಷ ಕಪ್ಪಾಗೇ ಇರುತ್ತದೆ, ಮೆಮೊರಿ ಟ್ರೇನಿಂಗ್ ನಡೆಯುತ್ತಿರುತ್ತದೆ, ಸತ್ತೇ ಹೋಯಿತು ಅಂತ ಬಟನ್ ಒತ್ತಬೇಡಿ. ಮತ್ತೆ ಕೈ ಒರೆಸಿಕೊಂಡು ರ‍್ಯಾಮ್ ಮುಟ್ಟಿ, ಬೆವರಿನ ಬೆರಳು ಆ ಚಿನ್ನದ ಬಣ್ಣದ ಹಲ್ಲುಗಳಿಗೆ ತಾಗಬಾರದು.

ಕರಾವಳಿಯಲ್ಲಿ ಎಸಿ ಇಲ್ಲದ ಮನೆ, ಎಂಟು ಕೋರಿನ ರೈಜೆನ್ ಆದರೆ ಕಣ್ಣು ಮುಚ್ಚಿ 6000 ಸಿಎಲ್30 ತಗೊಳ್ಳಿ. ನನ್ನ ಮಷೀನಿನಲ್ಲಿ ಈಗ ಬಿಳಿಯೇ ಇದೆ. ಕಪ್ಪು ಶಿರಸಿಯಲ್ಲಿ ದೊಡ್ಡಪ್ಪನ ಮಗನ ಮಷೀನಿನಲ್ಲಿ ಓಡುತ್ತಿದೆ. ಮುಂದಿನ ಏಪ್ರಿಲ್‌ನಲ್ಲಿ ಮಟಮಟ ಮಧ್ಯಾಹ್ನ ಅಲ್ಲೂ ಒಮ್ಮೆ ಟೆಸ್ಟ್ ಓಡಿಸು ಅಂತ ಅವನಿಗೆ ಹೇಳಿಟ್ಟಿದ್ದೇನೆ.