ಕಾರ್ಕ್ ಅಥವಾ ಗಾಲ್ವೇ: ನಿಧಾನವಾಗಿ ಕಳೆಯುವ ಒಂದು ದಿನಕ್ಕೆ ಯಾವುದು?

ಡಬ್ಲಿನ್‌ನಲ್ಲಿರುವ ನಮ್ಮನ್ನು ನೋಡಲು ಊರಿಂದ ಯಾರು ಬಂದರೂ ಈ ಪ್ರಶ್ನೆ ಏಳುತ್ತದೆ. ಒಂದೇ ದಿನ ಇದೆ, ಕಾರು ಬೇಡ, ಗಡಿಬಿಡಿ ಬೇಡ, ಚೆನ್ನಾಗಿ ತಿಂದು ಒಂದು ಊರು ನೋಡಬೇಕು. ಐರ್ಲೆಂಡಿನ ದಕ್ಷಿಣದ ಕಾರ್ಕಿಗೆ ಹೋಗೋಣವೋ, ಪಶ್ಚಿಮದ ಗಾಲ್ವೇಗೋ? ಎರಡಕ್ಕೂ ಡಬ್ಲಿನ್ನಿನ ಹ್ಯೂಸ್ಟನ್ ನಿಲ್ದಾಣದಿಂದ ನೇರ ರೈಲು, ಎರಡೂ ಸುಮಾರು ಎರಡೂವರೆ ಗಂಟೆಯ ದಾರಿ. ನಾನೂ ಹೆಂಡತಿಯೂ ಎರಡು ಊರನ್ನೂ ಹೀಗೇ ಸುತ್ತಿದ್ದೇವೆ. ನಾನು ಎಲ್ಲವನ್ನೂ ತಿನ್ನುವವನು, ಅವಳು ಸಸ್ಯಾಹಾರಿ, ಹೆಚ್ಚೆಂದರೆ ಮೊಟ್ಟೆ. ಹಾಗಾಗಿ ಕೆಳಗಿನ ಮಾತು ಎರಡೂ ಬಗೆಯ ಹೊಟ್ಟೆಗೆ ಅನ್ವಯಿಸುತ್ತದೆ.

ನನ್ನ ಓಟು ಕಾರ್ಕಿಗೆ. ಮುಖ್ಯ ಕಾರಣ ಇಂಗ್ಲಿಷ್ ಮಾರ್ಕೆಟ್.

1788ರಿಂದ ನಡೆದುಕೊಂಡು ಬಂದಿರುವ, ಮೇಲೆ ಸೂರಿರುವ ಮಾರುಕಟ್ಟೆ ಅದು. 1980ರಲ್ಲಿ ಬೆಂಕಿ ಬಿದ್ದ ಮೇಲೆ ಹಳೆಯ ರೂಪ ಕೆಡದಂತೆ ಸರಿಪಡಿಸಿದರು. 2011ರಲ್ಲಿ ಬ್ರಿಟನ್ನಿನ ರಾಣಿ ಎಲಿಜಬೆತ್ ಇಲ್ಲಿಗೆ ಬಂದು, ಮೀನಂಗಡಿಯ ಪ್ಯಾಟ್ ಓ'ಕಾನೆಲ್ ಜೊತೆ ಮಾತಾಡುತ್ತಾ ನಕ್ಕ ಫೋಟೊ ಲೋಕವೆಲ್ಲ ಸುತ್ತಿತು. ಇಷ್ಟು ಹೆಸರು ಬಂದರೂ ಬೆಳಿಗ್ಗೆ ಹೋದರೆ ಕಾಣುವುದು ಚೀಲ ಹಿಡಿದು ಮನೆಗೆ ಮೀನು, ಮಾಂಸ, ಬ್ರೆಡ್ಡು ಒಯ್ಯುವ ಊರಿನವರೇ. ಅದಕ್ಕೇ ನನಗೆ ಈ ಜಾಗ ಇಷ್ಟ. ಬೋಟಿ ತಿಂದು ಬೆಳೆದವರಿಗೆ ಇಲ್ಲಿನ ಟ್ರೈಪ್ ಹೊಸದೇನಲ್ಲ, ಆದರೆ ಇವರು ಅದನ್ನು ಈರುಳ್ಳಿ ಹಾಕಿ ಹಾಲಿನಲ್ಲಿ ಬೇಯಿಸುತ್ತಾರೆ. ಜೊತೆಗೆ ಡ್ರಿಶೀನ್, ಅಂದರೆ ರಕ್ತದಿಂದ ಮಾಡಿದ ಮೆತ್ತನೆಯ ಸಾಸೇಜು. ಖಾರವಿಲ್ಲ, ಹುಳಿಯಿಲ್ಲ. ನನಗೆ ಟ್ರೈಪ್ ಹಿಡಿಸಿತು, ಡ್ರಿಶೀನ್ ಹಿಡಿಸಲಿಲ್ಲ.

ಹೆಂಡತಿಗೆ ಸಿಕ್ಕಿದ್ದು ಬೆಣ್ಣೆ ಮೊಟ್ಟೆ. ಕೋಳಿ ಆಗಷ್ಟೇ ಇಟ್ಟ, ಇನ್ನೂ ಬೆಚ್ಚಗಿರುವ ಮೊಟ್ಟೆಗೆ ಕೈಯಲ್ಲಿ ಬೆಣ್ಣೆ ಸವರುತ್ತಾರೆ. ಚಿಪ್ಪಿನ ಸಣ್ಣ ರಂಧ್ರಗಳು ಮುಚ್ಚಿಕೊಂಡು ಮೊಟ್ಟೆ ಬಹಳ ದಿನ ಕೆಡುವುದಿಲ್ಲ. ಫ್ರಿಜ್ ಇಲ್ಲದ ಕಾಲದ ಉಪಾಯ ಇವತ್ತಿಗೂ ಉಳಿದಿದೆ. ಅವಳು ಅರ್ಧ ಡಜನ್ ಕಟ್ಟಿಸಿಕೊಂಡಳು. ಮಧ್ಯಾಹ್ನ ಮಾರುಕಟ್ಟೆಯ ಮಹಡಿಯಲ್ಲಿರುವ ಫಾರ್ಮ್‌ಗೇಟ್ ಕೆಫೆಯಲ್ಲಿ ಕುಳಿತರೆ ಕೆಳಗಿನ ವ್ಯಾಪಾರವೆಲ್ಲ ಕಾಣುತ್ತದೆ, ಕೆಳಗೆ ಮಾರುವ ಪದಾರ್ಥವೇ ಮೇಲೆ ತಟ್ಟೆಗೆ ಬರುತ್ತದೆ. ಅವಸರ ಬೇಡವೇ ಬೇಡ.

ಗಾಲ್ವೇಯ ಸಂತೆ ಬೇರೆ ತರಹ. 1320ರ ಸೇಂಟ್ ನಿಕೊಲಸ್ ಚರ್ಚಿನ ಪಕ್ಕದ ಬೀದಿಯಲ್ಲಿ, ಬಯಲಲ್ಲೇ, ವಾರಾಂತ್ಯದಲ್ಲಿ ನೆರೆಯುತ್ತದೆ. ಶನಿವಾರವೇ ಜೋರು. ತರಕಾರಿ, ಚೀಸ್, ಬಿಸಿ ಡೋನಟ್ ಎಲ್ಲ ಇದೆ, ಗದ್ದಲ ಖುಷಿ ಕೊಡುತ್ತದೆ. ಆದರೆ ಕುಳಿತು ತಿನ್ನಲು ಜಾಗ ಕಡಿಮೆ, ಮೇಲಾಗಿ ಅಟ್ಲಾಂಟಿಕ್‌ನ ಮಳೆ ಹೇಳಿ ಕೇಳಿ ಬರುವುದಿಲ್ಲ. ಮೀನಿನ ವಿಷಯದಲ್ಲಿ ಮಾತ್ರ ಗಾಲ್ವೇಯೇ ಮುಂದೆ. ಕೀ ಸ್ಟ್ರೀಟ್‌ನಲ್ಲಿ 1902ರಿಂದ ಇರುವ ಮ್ಯಾಕ್‌ಡೊನಾಸ್‌ನ ಫಿಶ್ ಅಂಡ್ ಚಿಪ್ಸ್, ಸೆಪ್ಟೆಂಬರ್‌ನಿಂದ ಏಪ್ರಿಲ್‌ವರೆಗೆ ಸಿಗುವ ಸ್ಥಳೀಯ ಚಪ್ಪಟೆ ಆಯ್ಸ್ಟರ್, ಅಂದರೆ ಕಡಲ ಸಿಂಪಿ. ನಿಂಬೆ ಹಿಂಡಿ ಹಸಿಯಾಗಿಯೇ ನುಂಗಿದರೆ ಬಾಯಿತುಂಬ ಕಡಲು. ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ: ಐರ್ಲೆಂಡಿನಲ್ಲಿ ಕೆಲವು ಕಡೆ ಆಲೂಗಡ್ಡೆ ಚಿಪ್ಸನ್ನೂ ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಯಾವ ಊರಾದರೂ ಕೇಳಿಯೇ ತೆಗೆದುಕೊಳ್ಳಿ. ಚೀಸ್‌ಗೂ ಅದೇ ಮಾತು, ಹಾಲು ಒಡೆಯಲು ಬಳಸಿದ ರೆನೆಟ್ ಪ್ರಾಣಿಯದ್ದೋ ಅಲ್ಲವೋ ಎಂದು ವಿಚಾರಿಸಿದರೆ ಅಂಗಡಿಯವರು ಬೇಸರಿಸದೆ ಹೇಳುತ್ತಾರೆ.

ನೋಡುವುದಕ್ಕೆ? ಇಲ್ಲಿ ಗಾಲ್ವೇ ಬಲವಾಗಿ ಸ್ಪರ್ಧೆ ಕೊಡುತ್ತದೆ. ರೈಲು ಇಳಿದರೆ ಏರ್ ಸ್ಕ್ವೇರ್, ಅಲ್ಲಿಂದ ಶಾಪ್ ಸ್ಟ್ರೀಟ್‌ನ ಹಾಡುಗಾರರನ್ನು ದಾಟಿ ಸ್ಪ್ಯಾನಿಷ್ ಆರ್ಚ್‌ವರೆಗೆ ನಡೆದರೆ ಹಳೆಯ ಊರು ಮುಗಿಯಿತು. ಆಮೇಲಿನದೇ ಸೊಗಸು. ಕಾರಿಬ್ ಚಿಕ್ಕ ಹೊಳೆ, ಆದರೆ ಅದರ ರಭಸ ನೋಡಿದರೆ ಮೈ ಜುಮ್ಮೆನ್ನುತ್ತದೆ. ಬೇಸಿಗೆಯ ಮೊದಲಲ್ಲಿ ಸಾಲ್ಮನ್ ವೀಯರ್ ಸೇತುವೆಯ ಮೇಲೆ ನಿಂತರೆ, ಕಡಲಿನಿಂದ ಬಂದು ಮೇಲೇರಲು ಕಾದಿರುವ ಸಾಲ್ಮನ್ ಮೀನುಗಳು ನೀರಲ್ಲಿ ಕಾಣುತ್ತವೆ. ಬಳಿಕ ಹಳೆಯ ಬೆಸ್ತರ ಕೇರಿ ಕ್ಲ್ಯಾಡಾ ದಾಟಿ ಸಾಲ್ಟ್‌ಹಿಲ್‌ನ ಕಡಲದಾರಿ, ಕೊಲ್ಲಿಯಾಚೆ ಕ್ಲೇರ್‌ನ ಬೂದು ಗುಡ್ಡಗಳು. ದಾರಿಯ ಕೊನೆಯ ಗೋಡೆಯನ್ನು ಒಮ್ಮೆ ಕಾಲಿಂದ ಒದ್ದು ಹಿಂದಿರುಗುವುದು ಅಲ್ಲಿನವರ ರೂಢಿ. ನಾವೂ ಒದ್ದೆವು.

ಕಾರ್ಕಿನ ಮೀನು ಇರುವುದು ಆಕಾಶದಲ್ಲಿ, ಶಾಂಡನ್‌ನ ಸೇಂಟ್ ಆ್ಯನ್ ಚರ್ಚಿನ ಗೋಪುರದ ತುದಿಯಲ್ಲಿ ಗಾಳಿದಿಕ್ಕು ತೋರಿಸುವ ಚಿನ್ನದ ಬಣ್ಣದ ಸಾಲ್ಮನ್. 1722ರ ಈ ಚರ್ಚಿನಲ್ಲಿ ಬಂದವರೇ ಗಂಟೆ ಬಾರಿಸಬಹುದು. ಎಂಟು ಹಗ್ಗಗಳಿಗೆ ಸಂಖ್ಯೆ ಹಾಕಿದೆ, ಹಾಳೆಯಲ್ಲಿ ಬರೆದ ಸಂಖ್ಯೆ ನೋಡಿಕೊಂಡು ಎಳೆದರೆ ಇಡೀ ಊರಿಗೆ ನಿಮ್ಮ ರಾಗ ಕೇಳುತ್ತದೆ. ಹೆಂಡತಿ ಇದನ್ನು ಬಿಟ್ಟು ಬರಲು ಒಪ್ಪಲೇ ಇಲ್ಲ. ಮೇಲಕ್ಕೆ 132 ಮೆಟ್ಟಿಲು, ದಾರಿ ಇಕ್ಕಟ್ಟು. ಮೊಣಕಾಲು ನೋವಿದ್ದವರು ಗಂಟೆ ಬಾರಿಸಿ ಕೆಳಗೇ ಉಳಿಯುವುದು ಲೇಸು.

ಪಕ್ಕದಲ್ಲೇ ಬೆಣ್ಣೆಯ ಮ್ಯೂಸಿಯಂ. 1770ರಲ್ಲಿ ಇಲ್ಲಿ ಶುರುವಾದ ಬೆಣ್ಣೆ ವಿನಿಮಯ ಕೇಂದ್ರ ಹತ್ತೊಂಬತ್ತನೇ ಶತಮಾನದಲ್ಲಿ ಜಗತ್ತಿನಲ್ಲೇ ಅತಿ ದೊಡ್ಡದಾಗಿತ್ತು. ಬೆಣ್ಣೆಯನ್ನು ಪರೀಕ್ಷಿಸಿ, ದರ್ಜೆ ಕಟ್ಟಿ, ಬಿಸಿಲ ನಾಡಿಗೆ ಹೋಗುವುದಕ್ಕೆ ಉಪ್ಪು ಹೆಚ್ಚು ಬೆರೆಸಿ, ಮರದ ಪೀಪಾಯಿಗಳಲ್ಲಿ ಹಡಗು ಹತ್ತಿಸುತ್ತಿದ್ದರು. ಬೆಳಿಗ್ಗೆ ಮಾರುಕಟ್ಟೆಯಲ್ಲಿ ಕೊಂಡ ಮೊಟ್ಟೆಗೆ ಅಷ್ಟು ಬೆಣ್ಣೆ ಎಲ್ಲಿಂದ ಬಂತೆಂದು ಇಲ್ಲಿ ಗೊತ್ತಾಯಿತು. ತಿಂದದ್ದಕ್ಕೂ ನೋಡಿದ್ದಕ್ಕೂ ಹೀಗೆ ನಂಟು ಬೆಳೆಯುವುದು ನನಗೆ ಗಾಲ್ವೇಯಲ್ಲಿ ಇಷ್ಟು ಗಟ್ಟಿಯಾಗಿ ಸಿಗಲಿಲ್ಲ.

ಆದ್ದರಿಂದ ಮಳೆಯ ಸೂಚನೆ ಇದ್ದರೆ, ಜೊತೆಯಲ್ಲಿ ಸಸ್ಯಾಹಾರಿಗಳಿದ್ದರೆ, ತಿನ್ನುವುದೇ ದಿನದ ಮುಖ್ಯ ಕೆಲಸವಾದರೆ ಕಾರ್ಕ್. ಬಿಸಿಲಿನ ಶನಿವಾರ, ಮೀನುಪ್ರಿಯರು, ಮೈಲಿಗಟ್ಟಲೆ ನಡೆಯುವ ಉಮೇದು ಇದ್ದರೆ ಗಾಲ್ವೇ. ಕಾರ್ಕಿಗೆ ಭಾನುವಾರ ಹೋಗಬೇಡಿ, ಇಂಗ್ಲಿಷ್ ಮಾರ್ಕೆಟ್ ಮುಚ್ಚಿರುತ್ತದೆ. ಕಾರ್ಕಿನ ರೈಲು ಹೆಚ್ಚುಕಡಿಮೆ ಗಂಟೆಗೊಂದು, ಗಾಲ್ವೇಗೆ ಅಷ್ಟಿಲ್ಲ. ಅಲ್ಲಿಂದ ಮರಳುವ ರೈಲಿನ ಹೊತ್ತನ್ನು ಬೆಳಿಗ್ಗೆಯೇ ನೋಡಿಟ್ಟುಕೊಂಡು ಹೊರಡಿ.