‘ಹಿಡಿದುಕೊಳ್ಳಿ’ ಎನ್ನುವ ಆ್ಯಪ್ ಜೊತೆ ಆರು ವರ್ಷ

ನಾನು ತುಮಕೂರಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ವಾಣಿಜ್ಯ ವಿಭಾಗದ ಉಪನ್ಯಾಸಕ. ಷೇರು ಬಿಡುಗಡೆ, ಮುಟ್ಟುಗೋಲು, ಮರುಬಿಡುಗಡೆ ಇವುಗಳ ಜರ್ನಲ್ ನಮೂದುಗಳನ್ನು ನಿದ್ದೆಗಣ್ಣಿನಲ್ಲಿಯೂ ಬರೆಯಬಲ್ಲೆ. ಆದರೆ ನನ್ನದೇ ಡಿಮ್ಯಾಟ್ ಖಾತೆಯಲ್ಲಿರುವ ಒಂದು ಷೇರನ್ನು ಮಾರಬೇಕೋ ಇಟ್ಟುಕೊಳ್ಳಬೇಕೋ ಎಂದು ಯಾರಾದರೂ ಕೇಳಿದರೆ ಕೈ ನಡುಗುತ್ತದೆ. ಆ ನಡುಕಕ್ಕೆ ಔಷಧಿಯಾದೀತು ಎಂದು 2019ರ ನವೆಂಬರ್‌ನಲ್ಲಿ ಒಂದು ಷೇರು ಶಿಫಾರಸು ಸೇವೆಗೆ ಚಂದಾ ಕಟ್ಟಿದೆ. ನನ್ನ ಬ್ರೋಕರ್‌ನ ಆ್ಯಪ್ ಒಳಗೇ ಅದು ಸಿಗುತ್ತದೆ. ಆಗ ವರ್ಷಕ್ಕೆ 1,499 ರೂಪಾಯಿ, ಈಗ 2,499. ಹೆಸರು ಬರೆಯುವುದಿಲ್ಲ. ಇಂಥ ಸೇವೆಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು, ನಿಮ್ಮ ಆ್ಯಪ್‌ನಲ್ಲಿರುವುದೂ ಇದೇ ಇರಬಹುದು.

ಕೆಲಸ ಸರಳ. ಸುಮಾರು ಇನ್ನೂರು ಕಂಪನಿಗಳ ಪಟ್ಟಿ, ಪ್ರತಿಯೊಂದರ ಮುಂದೆ ಒಂದು ಬಣ್ಣದ ಚೀಟಿ: ಹಸಿರಾದರೆ ಕೊಳ್ಳಿ, ಹಳದಿಯಾದರೆ ಇಟ್ಟುಕೊಳ್ಳಿ, ಕೆಂಪಾದರೆ ಮಾರಿ. ಜೊತೆಗೆ ಒಂದು ಗುರಿ ಬೆಲೆ, ಅಂದರೆ ಷೇರು ಮುಂದೆ ಮುಟ್ಟೀತು ಎಂದು ಅವರು ಅಂದಾಜಿಸುವ ಬೆಲೆ; ಮತ್ತೆ ಎರಡು ಪುಟದ ವರದಿ. ಚೀಟಿ ಬದಲಾದರೆ ಮೊಬೈಲ್‌ಗೆ ಸಂದೇಶ ಬರುತ್ತದೆ.

ಎರಡನೆಯ ವರ್ಷ ಅವರು ಕನ್ನಡ ಅವತರಣಿಕೆ ತಂದರು. ಸಂತೋಷದಿಂದ ಭಾಷೆ ಬದಲಿಸಿದೆ. ‘ಹೋಲ್ಡ್’ ಅಲ್ಲಿ ‘ಹಿಡಿದುಕೊಳ್ಳಿ’ ಆಗಿತ್ತು; ಓಡುವ ಬಸ್ಸಿನಲ್ಲಿ ಕಂಡಕ್ಟರ್ ಕೂಗಿದ ಹಾಗೆ. ಒಂದು ಬೆಳಿಗ್ಗೆ ಕೆಂಪು ಅಕ್ಷರದಲ್ಲಿ ‘ಮಾರಿ’ ಎಂಬ ಸಂದೇಶ ಬಂದಿತ್ತು. ಅಡುಗೆಮನೆಯಲ್ಲಿ ಚಾರ್ಜ್‌ಗೆ ಹಾಕಿದ್ದ ಮೊಬೈಲನ್ನು ನೋಡಿದ ಅಮ್ಮ, ‘ಯಾವ ಊರಿನ ಹಬ್ಬವಪ್ಪಾ?’ ಎಂದು ಕೇಳಿದರು. ಮರುದಿನವೇ ಇಂಗ್ಲಿಷಿಗೆ ಹಿಂತಿರುಗಿದೆ. ಕನ್ನಡ ಬಲ್ಲ ಒಬ್ಬರಿಗೆ ಒಂದು ಮಧ್ಯಾಹ್ನದ ಸಂಬಳ ಕೊಟ್ಟಿದ್ದರೆ ಸರಿಹೋಗುತ್ತಿತ್ತು. ನಾಲ್ಕು ವರ್ಷವಾದರೂ ಕೊಟ್ಟಿಲ್ಲ.

ಮೊದಲ ಪರೀಕ್ಷೆ ಚಂದಾ ಕಟ್ಟಿದ ನಾಲ್ಕೇ ತಿಂಗಳಿಗೆ ಬಂತು. 2020ರ ಮಾರ್ಚ್ 23ರಂದು ಐವತ್ತು ದೊಡ್ಡ ಕಂಪನಿಗಳ ಷೇರು ಸೂಚ್ಯಂಕವಾದ ನಿಫ್ಟಿ ಒಂದೇ ದಿನದಲ್ಲಿ ಶೇಕಡಾ 13ರಷ್ಟು ಬಿತ್ತು. ಊರೆಲ್ಲ ಬಾಗಿಲು ಹಾಕಿತ್ತು, ಕಾಲೇಜು ಮುಚ್ಚಿತ್ತು, ನನಗೆ ಮಾಡಲು ಬೇರೆ ಕೆಲಸವಿರಲಿಲ್ಲ. ಆ್ಯಪ್ ತೆರೆದೆ. ನನ್ನ ಹನ್ನೊಂದು ಷೇರುಗಳಲ್ಲಿ ಎಂಟರ ಮುಂದೆ ಚೀಟಿಯೇ ಇರಲಿಲ್ಲ. ಬೂದು ಬಣ್ಣದಲ್ಲಿ ‘ಪರಿಶೀಲನೆಯಲ್ಲಿದೆ’ ಎಂದಿತ್ತು. ಒಂಬತ್ತು ದಿನ ಹಾಗೆಯೇ ಇತ್ತು. ಮಳೆ ಬಂದಾಗ ಮಾತ್ರ ಬಿಚ್ಚಿಕೊಳ್ಳದ ಕೊಡೆಗೆ ನಾನು ಹಣ ಕಟ್ಟಿದ್ದೆ. ಆದರೂ ಒಂದು ಮಾತು ಒಪ್ಪಬೇಕು. ಆ ವಾರ ಅವರು ಕೆಂಪು ಚೀಟಿ ತೋರಿಸಿದ್ದರೆ ನಾನು ಎಲ್ಲವನ್ನೂ ಮಾರಿಬಿಡುತ್ತಿದ್ದೆ. ನನ್ನನ್ನು ಉಳಿಸಿದ್ದು ಅವರ ಮೌನವೇ.

ಆರು ವರ್ಷ ಬಳಸಿದ ಮೇಲೆ ಹಸಿರು ಚೀಟಿಯ ಬಗ್ಗೆ ನನಗೆ ಹೆಚ್ಚು ಹೇಳಲಿಕ್ಕಿಲ್ಲ. ಕೊಳ್ಳಲು ಹೇಳುವವರಿಗೆ ಲೋಕದಲ್ಲಿ ಬರವಿಲ್ಲ. ಕೆಂಪು ಚೀಟಿ ಅಪರೂಪ. ಯಾವ ದಿನ ಎಣಿಸಿದರೂ ಇನ್ನೂರರಲ್ಲಿ ಹದಿನೈದು ದಾಟುವುದಿಲ್ಲ. ಕಂಪನಿಯನ್ನು ಬಹಿರಂಗವಾಗಿ ‘ಮಾರಿ’ ಎಂದು ಬರೆದ ವಿಶ್ಲೇಷಕನಿಗೆ ಮುಂದಿನ ಸಲ ಆ ಕಂಪನಿಯ ಅಧಿಕಾರಿಗಳ ಮುಂದೆ ಕೂತು ಪ್ರಶ್ನೆ ಕೇಳುವುದು ಕಷ್ಟ. ಆದ್ದರಿಂದ ಹೇಳಲಾಗದ ಎಲ್ಲವೂ ಹಳದಿಯೊಳಗೆ ಹೋಗಿ ಕೂರುತ್ತದೆ. ಈ ಹಳದಿಯನ್ನು ಓದಲು ಕಲಿಯುವುದಕ್ಕೆ ನನಗೆ ಮೂರು ವರ್ಷ ಬೇಕಾಯಿತು.

ಒಂದು ಔಷಧ ಕಂಪನಿಯ ಷೇರನ್ನು 640ಕ್ಕೆ ಕೊಂಡಿದ್ದೆ, ಹಸಿರು ಚೀಟಿ ನೋಡಿಯೇ. ಗುರಿ ಬೆಲೆ 780. ಷೇರು 590ಕ್ಕೆ ಬಂದಾಗ ಚೀಟಿ ಹಳದಿಯಾಯಿತು, ಗುರಿ 700. ಷೇರು 510ಕ್ಕೆ ಇಳಿದಾಗ ಹಳದಿಯೇ, ಗುರಿ 560. ಷೇರು 420ರಲ್ಲಿದ್ದಾಗಲೂ ಹಳದಿ, ಗುರಿ 450. ಕೊನೆಗೆ 395ರಲ್ಲಿ ಕೆಂಪು ಬಂತು. ಸಂತೆಗೆ ಹೊರಟ ಯಜಮಾನನ ಹಿಂದೆ ನಾಯಿ ಹೋಗುವ ಹಾಗೆ ಗುರಿ ಬೆಲೆ ಷೇರಿನ ಹಿಂದೆ ಹೋಗುತ್ತಿತ್ತು. ನಾನು ಅದನ್ನು ದಾರಿ ತೋರಿಸುವ ಪ್ರಾಣಿ ಎಂದುಕೊಂಡಿದ್ದೆ. ಈಗ ಚೀಟಿಯ ಬಣ್ಣ ನೋಡುವ ಮೊದಲು ಹಿಂದಿನ ನಾಲ್ಕು ತ್ರೈಮಾಸಿಕಗಳ ಗುರಿ ಬೆಲೆಗಳನ್ನು ಸಾಲಾಗಿ ಬರೆದುಕೊಳ್ಳುತ್ತೇನೆ. ಹಳದಿ ಇದ್ದು ಗುರಿ ಮೆಟ್ಟಿಲಿಳಿಯುತ್ತಿದ್ದರೆ ಅದು ಬಾಯಿಬಿಟ್ಟು ಹೇಳದ ಕೆಂಪು. ಆ ಹಳೆಯ ಗುರಿಗಳನ್ನು ಆ್ಯಪ್ ತೋರಿಸುವುದಿಲ್ಲ, ಇದು ನನ್ನ ದೊಡ್ಡ ದೂರು. ‘ಮುಗಿದ ಶಿಫಾರಸುಗಳು’ ಎಂಬ ಪುಟದಲ್ಲಿ ಗುರಿ ಮುಟ್ಟಿದವು ಸಾಲುಸಾಲಾಗಿ ಹೊಳೆಯುತ್ತವೆ. ನನ್ನ ಔಷಧ ಕಂಪನಿ ಅಲ್ಲಿಲ್ಲ. ಎರಡು ಸಲ ಪತ್ರ ಬರೆದೆ. ಎರಡು ಸಲವೂ ‘ನಿಮ್ಮ ಸಲಹೆ ನಮಗೆ ಅಮೂಲ್ಯ’ ಎಂಬ ಉತ್ತರ ಬಂತು.

ಈ ವಿಷಯದಲ್ಲಿ ನಮ್ಮ ಅಪ್ಪನ ಮಾತು ಬರಲೇಬೇಕು. ನಮ್ಮದು ತಿಪಟೂರು ತಾಲ್ಲೂಕು, ತೆಂಗಿನ ತೋಟ. ಕೊಬ್ಬರಿಗೆಂದು ಇಳಿಸಿದ ಕಾಯಿಯನ್ನು ಸಿಪ್ಪೆಯ ಸಮೇತ ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೆರಡು ತಿಂಗಳು ಅದು ಅಲ್ಲಿಯೇ ಇರುತ್ತದೆ. ನೀರು ಆರಿ, ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ನಮ್ಮ ಕಡೆಯವರಿಗೆ ಹಿಡಿದುಕೊಳ್ಳುವುದನ್ನು ಯಾವ ಆ್ಯಪ್ ಕೂಡ ಕಲಿಸಬೇಕಾಗಿಲ್ಲ. ಔಷಧ ಕಂಪನಿಯ ನಷ್ಟದ ಕಥೆ ಹೇಳಿ, ‘ಅವರು ಇಟ್ಟುಕೊಳ್ಳಿ ಎಂದರು, ಇಟ್ಟುಕೊಂಡೆ’ ಎಂದಾಗ ಅಪ್ಪ ಕೇಳಿದ್ದು ಒಂದೇ: ‘ಅಲ್ಲಾಡಿಸಿ ನೋಡಿದೆಯಾ?’

ಅವರು ತಿಂಗಳಿಗೊಮ್ಮೆಯಾದರೂ ಅಟ್ಟ ಹತ್ತುತ್ತಾರೆ. ನಾಲ್ಕಾರು ಕಾಯಿಗಳನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ನೀರಿನ ಸದ್ದೋ, ಒಣಗಿದ ಗಿಟುಕಿನ ಸದ್ದೋ, ಕೊಳೆತದ್ದರ ಮಂಕು ಸದ್ದೋ ಎಂದು ಕೇಳುತ್ತಾರೆ. ಸೂರು ಸೋರಿದೆಯೇ, ಇಲಿ ಬಂದಿದೆಯೇ ಎಂದು ನೋಡುತ್ತಾರೆ. 2023ರಲ್ಲಿ ಕೊಬ್ಬರಿ ಕ್ವಿಂಟಲ್‌ಗೆ 11,750 ರೂಪಾಯಿಯ ಬೆಂಬಲ ಬೆಲೆಗಿಂತಲೂ ಕೆಳಕ್ಕೆ ಹೋಗಿ ಊರಿಗೆ ಊರೇ ಕಂಗಾಲಾಗಿದ್ದಾಗ ಅಪ್ಪ ಅರ್ಧ ಸರಕನ್ನು ಮಾರಿದರು. ಯಾಕೆ ಎಂದು ಕೇಳಿದ್ದಕ್ಕೆ, ‘ಆ ಮೂಲೆಯ ಕಾಯಿ ಇನ್ನು ಎರಡು ತಿಂಗಳು ತಡೆಯುವುದಿಲ್ಲ, ಈ ಮೂಲೆಯದು ತಡೆಯುತ್ತದೆ’ ಎಂದರು. ಬೆಲೆಯ ಮಾತೇ ಇಲ್ಲ, ಕಾಯಿಯ ಮಾತು. 2025ರಲ್ಲಿ ಧಾರಣೆ ಆ ಬೆಂಬಲ ಬೆಲೆಯ ಎರಡರಷ್ಟನ್ನೂ ದಾಟಿದಾಗ, ಮಾರಿದ ಅರ್ಧಕ್ಕಾಗಿ ಮರುಗಿದ್ದು ನಾನು, ಅವರಲ್ಲ.

‘ಅಲ್ಲಾಡಿಸಿ ನೋಡಿದೆಯಾ?’ ಎಂದು ಅಪ್ಪ ಕೇಳಿದಂದಿನಿಂದ ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇನೆ. ಕೊಂಡ ದಿನ ಒಂದೇ ಸಾಲು: ಈ ಷೇರು ಯಾಕೆ? ಮೂರು ತಿಂಗಳಿಗೊಮ್ಮೆ ಫಲಿತಾಂಶ ಬಂದಾಗ ಆ ಸಾಲು ಇನ್ನೂ ನಿಜವೇ ಎಂದು ನೋಡುತ್ತೇನೆ. ಸಾಲ ಏರಿದೆಯೇ, ಕಂಪನಿ ಕಟ್ಟಿದ ಪ್ರವರ್ತಕರು ತಮ್ಮ ಷೇರನ್ನು ಅಡವಿಟ್ಟಿದ್ದಾರೆಯೇ, ಲಾಭ ಪುಸ್ತಕದಲ್ಲಿ ಮಾತ್ರವೋ, ನಗದಾಗಿ ಕೈಗೂ ಬರುತ್ತಿದೆಯೋ. ಇಲ್ಲಿ ಮಾತ್ರ ಈ ಸೇವೆ ಕೊಟ್ಟ ಹಣಕ್ಕೆ ಮೋಸವಿಲ್ಲ. ಅವರ ಎರಡು ಪುಟದ ವರದಿಯ ಎರಡನೆಯ ಪುಟದಲ್ಲಿ ಈ ಅಂಕಿಗಳೆಲ್ಲ ಅಚ್ಚುಕಟ್ಟಾಗಿ ಇರುತ್ತವೆ. ನಾನು ಮೊದಲ ಪುಟ ಓದುವುದನ್ನು ಬಿಟ್ಟಿದ್ದೇನೆ.

ನೋಟ್‌ಬುಕ್‌ನ ಮೊದಲ ಪುಟದಲ್ಲಿಯೇ ನನ್ನ ಪೆದ್ದುತನವೂ ದಾಖಲಾಗಿದೆ. ಎಚ್‌ಎಎಲ್ (ವಿಮಾನ, ಹೆಲಿಕಾಪ್ಟರ್ ತಯಾರಿಸುವ ಸರ್ಕಾರಿ ಕಂಪನಿ) ಷೇರನ್ನು ಯಾಕೆ ಕೊಂಡೆ? ‘ಗುಬ್ಬಿ ತಾಲ್ಲೂಕಿಗೆ ಹೆಲಿಕಾಪ್ಟರ್ ಕಾರ್ಖಾನೆ ಬರುತ್ತದೆ.’ ಅಷ್ಟೇ ಬರೆದಿದ್ದೇನೆ. 2018ರ ಐಪಿಒದಲ್ಲಿ, ಅಂದರೆ ಸಾರ್ವಜನಿಕರಿಗೆ ಮೊದಲ ಸಲ ಷೇರು ಮಾರಿದಾಗ, 1,215ರಿಂದ 1,240 ರೂಪಾಯಿಗೆ ಕೊಟ್ಟಿದ್ದ ಷೇರು ಅದಕ್ಕಿಂತ ಬಹಳ ಕೆಳಗೆ ಸಿಗುತ್ತಿದ್ದಾಗ 40 ಕೊಂಡೆ. ಬಿದರೆಹಳ್ಳ ಕಾವಲಿನ ಆ ಕಾರ್ಖಾನೆಗೆ 2016ರಲ್ಲಿ ಶಂಕುಸ್ಥಾಪನೆಯಾಗಿತ್ತು. ಉದ್ಘಾಟನೆಯಾದದ್ದು 2023ರ ಫೆಬ್ರುವರಿಯಲ್ಲಿ. ಅಂದರೆ ನಾನು ಹಣ ಹಾಕಿದ್ದು ನಮ್ಮೂರಿನ ಅಭಿಮಾನಕ್ಕೆ, ಕಂಪನಿಯ ಲೆಕ್ಕಕ್ಕಲ್ಲ. 2021ರಲ್ಲಿ ಬೆಲೆ ಐಪಿಒ ಮಟ್ಟವನ್ನು ದಾಟಿದಾಗ ‘ಲಾಭ ಪಡೆದು ಹೊರಬನ್ನಿ’ ಎಂದು ಕೆಂಪು ಚೀಟಿ ಬಂತು. 25 ಮಾರಿದೆ. ಅದೇ ವರ್ಷದ ಫೆಬ್ರುವರಿಯಲ್ಲಿ 83 ತೇಜಸ್ ವಿಮಾನಗಳಿಗೆ ಸುಮಾರು 48,000 ಕೋಟಿ ರೂಪಾಯಿಯ ಒಪ್ಪಂದಕ್ಕೆ ಸಹಿ ಬಿದ್ದಿತ್ತು. ಪತ್ರಿಕೆಗಳ ಮುಖಪುಟದಲ್ಲಿ ಬಂದ ಸುದ್ದಿ. ಕೆಂಪು ಚೀಟಿಯ ಹಿಂದಿನ ವರದಿಯಲ್ಲಿ ಅದಕ್ಕೆ ಅರ್ಧ ಸಾಲು ಸಿಕ್ಕಿತ್ತು. ಉಳಿದದ್ದೆಲ್ಲ ‘ಬೆಲೆ ಬಹಳ ಏರಿದೆ’ ಎಂಬುದರ ಬೇರೆಬೇರೆ ರೂಪ. ಬೆಲೆ ಏರಿದೆ ಎನ್ನುವುದು ಮಾರುವುದಕ್ಕೆ ಕಾರಣವಾಗಬಹುದು, ಏರಿದ್ದು ಯಾಕೆ ಎಂದು ನೋಡಿದ ಮೇಲೆ.

ಉಳಿದ 15ರ ಕಥೆ ಇನ್ನೂ ತಮಾಷೆ. 2023ರ ಸೆಪ್ಟೆಂಬರ್ 29ರಂದು ಮುಖಬೆಲೆಯನ್ನು 10ರಿಂದ 5 ರೂಪಾಯಿಗೆ ವಿಭಜಿಸಿದರು. ಬೆಲೆ ಅರ್ಧವಾಗುತ್ತದೆ, ಷೇರಿನ ಸಂಖ್ಯೆ ಎರಡರಷ್ಟಾಗುತ್ತದೆ, ಒಟ್ಟು ಮೌಲ್ಯ ಅಷ್ಟೇ. ಇದನ್ನು ತರಗತಿಯಲ್ಲಿ ಪಾಠ ಮಾಡುವವನು ನಾನು. ಆದರೆ ಹೊಸ ಷೇರುಗಳು ಖಾತೆಗೆ ಸೇರುವ ಮೊದಲೇ ಬೆಲೆ ಅರ್ಧವಾದದ್ದರಿಂದ ಆ್ಯಪ್ ಬೆಳಿಗ್ಗೆ ಒಂಬತ್ತೂಕಾಲಿಗೇ ‘ನಿಮ್ಮ ಷೇರು ಶೇಕಡಾ 50 ಕುಸಿದಿದೆ, ಪರಿಶೀಲಿಸಿ’ ಎಂದು ಕೂಗಿಕೊಂಡಿತು. ಸ್ಟಾಫ್ ರೂಮಿನಲ್ಲಿ ಎದೆ ಧಸಕ್ಕೆಂದಿತು. ಮಾರುವ ಗುಂಡಿಯವರೆಗೆ ಹೋಗಿದ್ದ ಬೆರಳನ್ನು ತಡೆದದ್ದು ಮೊದಲ ಪೀರಿಯಡ್ಡಿನ ಗಂಟೆ. 2024ರ ಜುಲೈನಲ್ಲಿ ಆ ಷೇರು 5,600 ದಾಟಿತ್ತು, ಆಮೇಲೆ ಇಳಿಯಿತು. ನನ್ನ 30 ಇನ್ನೂ ಇವೆ. ಕಾರಣದ ಸಾಲನ್ನು ಹೊಡೆದು ಹೊಸದನ್ನು ಬರೆದಿದ್ದೇನೆ.

ಸೇವೆಯನ್ನು ಬರೀ ಬೈಯುತ್ತಿದ್ದೇನೆ ಎಂದುಕೊಳ್ಳಬೇಡಿ. 2024ರ ಅಕ್ಟೋಬರ್‌ನಲ್ಲಿ ಒಂದು ವಾಹನ ಬಿಡಿಭಾಗಗಳ ಕಂಪನಿಗೆ ಕೆಂಪು ಚೀಟಿ ಬಂತು. ನನಗೆ 40,000 ರೂಪಾಯಿ ಲಾಭವಿತ್ತು, ಆದರೆ ಕೊಂಡು ವರ್ಷ ತುಂಬಲು ಮೂರು ವಾರ ಬಾಕಿ. ಆ ವರ್ಷದ ಜುಲೈ 23ರಿಂದ ವರ್ಷದೊಳಗೆ ಮಾರಿದ ಷೇರಿನ ಅಲ್ಪಾವಧಿ ಲಾಭದ ತೆರಿಗೆ ಶೇಕಡಾ 15ರಿಂದ 20ಕ್ಕೆ ಏರಿತ್ತು. ಅಂದು ಮಾರಿದರೆ ಸೆಸ್ ಸೇರಿ 8,320 ರೂಪಾಯಿ ಕಟ್ಟಬೇಕು. ವರ್ಷ ದಾಟಿದರೆ 1.25 ಲಕ್ಷದವರೆಗಿನ ದೀರ್ಘಾವಧಿ ಲಾಭಕ್ಕೆ ತೆರಿಗೆಯೇ ಇಲ್ಲ. ನಾನು ಕೊಂಡ ದಿನ ಯಾವುದು ಎಂಬುದು ಚೀಟಿಗೆ ಗೊತ್ತಿರುವುದಿಲ್ಲ; ಇಡೀ ರಾಜ್ಯಕ್ಕೆ ಒಂದೇ ಅಳತೆಯ ಅಂಗಿ ಹೊಲಿದ ಹಾಗೆ. ಬುದ್ಧಿವಂತನಂತೆ ಮೂರು ವಾರ ಕಾದೆ. ಆ ತಿಂಗಳು ಪೇಟೆ ಇಳಿಯಿತು, ನನ್ನ ಲಾಭ 26,500ಕ್ಕೆ ಬಂತು. ತೆರಿಗೆ ಕಟ್ಟಿ ಅಂದೇ ಮಾರಿದ್ದರೆ 31,680 ಕೈಯಲ್ಲಿರುತ್ತಿತ್ತು. ಆ ಸಲ ಚೀಟಿ ಸರಿ, ಮೇಷ್ಟರು ತಪ್ಪು.

ಇನ್ನೂ ಒಂದು ಪ್ರಸಂಗ ನನ್ನ ಸಿದ್ಧಾಂತಗಳಿಗೆಲ್ಲ ತಣ್ಣೀರೆರಚುತ್ತದೆ. ಅಪ್ಪನ ಬಳಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿನ 50 ಷೇರುಗಳಿದ್ದವು. 2017ರ ಏಪ್ರಿಲ್ 1ರಂದು ಆ ಬ್ಯಾಂಕ್ ಎಸ್‌ಬಿಐನಲ್ಲಿ ವಿಲೀನವಾದಾಗ ಪ್ರತಿ 10 ಷೇರಿಗೆ ಎಸ್‌ಬಿಐನ 22ರಂತೆ ಅವು 110 ಆದವು. ಮನೆಯ ಬೀರುವಿನ ಯಾವ ಖಾನೆಯಲ್ಲಿ ಕಾಗದ ಇದೆ ಎಂಬುದೇ ಅವರಿಗೆ ನೆನಪಿರಲಿಲ್ಲ. 2024ರ ಜೂನ್‌ನಲ್ಲಿ ಎಸ್‌ಬಿಐ 900 ದಾಟಿತು. ಕಾಯಿಯನ್ನು ತಿಂಗಳಿಗೊಮ್ಮೆ ಅಲ್ಲಾಡಿಸುವ ಮನುಷ್ಯ ಷೇರನ್ನು ಮರೆತೇಬಿಟ್ಟು ನನಗಿಂತ ಹೆಚ್ಚು ಗಳಿಸಿದರು. ‘ಅದನ್ನು ಯಾಕೆ ಅಲ್ಲಾಡಿಸಲಿಲ್ಲ?’ ಎಂದು ಕೇಳಿದೆ. ನಕ್ಕು ಎಲೆ ಅಡಿಕೆಯ ಚೀಲ ಬಿಚ್ಚಿದರು.

ಹೊಸದಾಗಿ ಚಂದಾ ಕಟ್ಟುವವರಿಗೆ ಒಂದೆರಡು ಉಪಯೋಗದ ಮಾತು. ಯಾವುದೇ ಸೇವೆಯಾದರೂ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯಲ್ಲಿ ಅವರ ನೋಂದಣಿ ಸಂಖ್ಯೆ ನೋಡಿ. ಸಂಶೋಧನಾ ವಿಶ್ಲೇಷಕರದ್ದು ‘ಐಎನ್‌ಎಚ್’ ಎಂಬ ಅಕ್ಷರಗಳಿಂದ ಆರಂಭವಾಗುತ್ತದೆ, ಸೆಬಿಯ ಜಾಲತಾಣದಲ್ಲಿ ತಾಳೆ ನೋಡಬಹುದು. ವಾಟ್ಸ್ಆ್ಯಪ್ ಗುಂಪಿನಲ್ಲಿ ಇದೇ ಸೇವೆಯ ಲಾಂಛನ ಹಾಕಿಕೊಂಡು ‘ಖಚಿತ ಲಾಭ’ ಎನ್ನುವವರು ನನ್ನನ್ನೂ ಸೇರಿಸಿಕೊಂಡಿದ್ದರು. ಖಚಿತ ಎಂಬ ಪದ ಕಂಡ ಕೂಡಲೇ ಹೊರಬನ್ನಿ. ಫ್ಯೂಚರ್ಸ್ ಮತ್ತು ಆಪ್ಷನ್ಸ್ (ಷೇರಿನ ಮುಂದಿನ ಬೆಲೆಯ ಮೇಲೆ ಪಣ ಕಟ್ಟುವ ಒಪ್ಪಂದಗಳು) ಶಿಫಾರಸುಗಳ ಪುಟವನ್ನಂತೂ ತೆರೆಯಲೇಬೇಡಿ. ಆ ವ್ಯವಹಾರದಲ್ಲಿ ಮೂರು ವರ್ಷಗಳಲ್ಲಿ ಶೇಕಡಾ 93ರಷ್ಟು ಸಾಮಾನ್ಯ ವ್ಯಾಪಾರಿಗಳು ಕಳೆದುಕೊಂಡಿದ್ದಾರೆ ಎಂದು 2024ರಲ್ಲಿ ಸೆಬಿಯೇ ಲೆಕ್ಕ ಕೊಟ್ಟಿದೆ. ಚೀಟಿ ಬದಲಾದಾಗಲೆಲ್ಲ ಕೊಂಡು ಮಾರುತ್ತಿದ್ದರೆ ಎರಡೂ ಬದಿಗೆ ಶೇಕಡಾ 0.1 ವಹಿವಾಟು ತೆರಿಗೆ, ಮಾರಿದಾಗ ಡಿಮ್ಯಾಟ್ ಖಾತೆಯಿಂದ ಷೇರು ತೆಗೆಯುವುದಕ್ಕೆ ಡಿಪಿ ಶುಲ್ಕ, ಹನಿಹನಿಯಾಗಿ ಸೋರುತ್ತದೆ.

ಐದಕ್ಕೆ ಮೂರು ನಕ್ಷತ್ರ. ಒಂದೂವರೆ ಆ ಎರಡನೆಯ ಪುಟಕ್ಕೆ, ಒಂದು ಅಪರೂಪದ ಕೆಂಪು ಚೀಟಿಗಳಿಗೆ, ಅರ್ಧ 2020ರ ಮೌನಕ್ಕೆ. ನನ್ನ ಚಂದಾ ಮುಂದಿನ ತಿಂಗಳು ಮುಗಿಯುತ್ತದೆ. ಸ್ವಯಂ ನವೀಕರಣವನ್ನು ಈಗಾಗಲೇ ನಿಲ್ಲಿಸಿದ್ದೇನೆ. ಹಾಗೆ ನಿಲ್ಲಿಸಿದವರಿಗೆ ಕೊನೆಯ ವಾರದಲ್ಲಿ ಶೇಕಡಾ 40ರ ರಿಯಾಯಿತಿ ಕಳಿಸುವುದು ಇವರ ವಾಡಿಕೆ. ಕಳೆದ ಮೂರು ವರ್ಷವೂ ಬಂದಿದೆ. ಬಂದರೆ ಕಟ್ಟುತ್ತೇನೆ. ಅಲ್ಲಿಯವರೆಗೆ ಹಿಡಿದುಕೊಂಡಿರುತ್ತೇನೆ.