ಉಪ್ಪು ತಿನ್ನುವ ಯಂತ್ರದ ಜೊತೆ ಮೂರು ವರ್ಷ

ಮನೆ ಅರಸೀಕೆರೆಯಲ್ಲಿ, ನೀರು ಬೋರಿನದು. ಎಷ್ಟು ಗಡಸು ಅಂದ್ರೆ ಸೋಪು ಉಜ್ಜಿ ಉಜ್ಜಿ ಸವೆಯುತ್ತಿತ್ತೇ ಹೊರತು ನೊರೆ ಬರುತ್ತಿರಲಿಲ್ಲ. ಗೀಸರಿನ ಎರಡನೇ ಕಾಯಿಲ್ ಸುಟ್ಟ ದಿನ, ಅದರ ಮೇಲೆ ಬೆರಳು ದಪ್ಪ ಕಟ್ಟಿದ್ದ ಸುಣ್ಣ ನೋಡಿ, 25 ಲೀಟರ್ ರೆಸಿನ್ (ನೀರಿನ ಸುಣ್ಣ ಹಿಡಿದಿಟ್ಟುಕೊಳ್ಳುವ ಸಣ್ಣ ಸಣ್ಣ ಮಣಿಗಳು) ಇರುವ ಸಾಫ್ಟನರ್, ಅಂದ್ರೆ ಗಡಸು ನೀರನ್ನು ಮೆದು ಮಾಡುವ ಯಂತ್ರ, ಹಾಕಿಸಿದೆ.

ಮೊದಲ ವಾರ ಖುಷಿಯೋ ಖುಷಿ. ಎರಡನೇ ವಾರ ಬಕೆಟ್ಟಿನ ಅಂಚಲ್ಲಿ ಮತ್ತೆ ಬಿಳಿ ಕಲೆ! ಮಾರಿದವರು ‘ತಿಂಗಳಿಗೊಮ್ಮೆ ಉಪ್ಪು ಹಾಕಿ, ಸಾಕು’ ಅಂದಿದ್ದರು. ನೀರನ್ನು ಅಳೆದೇ ಇರಲಿಲ್ಲ. ನಾನೇ ಪರೀಕ್ಷೆ ಮಾಡಿಸಿದರೆ ಗಡಸುತನ ಲೀಟರಿಗೆ 500 ಮಿಲಿಗ್ರಾಂ. ಲೆಕ್ಕ ಸುಲಭ. ಒಂದು ಲೀಟರ್ ರೆಸಿನ್ ಹೆಚ್ಚೂಕಮ್ಮಿ 50 ಗ್ರಾಂ ಗಡಸು ಹಿಡಿದರೆ, 25 ಲೀಟರ್ ಹಿಡಿಯೋದು 1,250 ಗ್ರಾಂ. 2,500 ಲೀಟರ್ ನೀರಿಗೆ ಅದರ ಕಥೆ ಮುಗೀತು. ದಿನಕ್ಕೆ 500 ಲೀಟರ್ ಬಳಸುವ ನಮಗೆ ಐದೇ ದಿನ! ಆಮೇಲೆ ಉಪ್ಪುನೀರು ಹಾಯಿಸಿ, ರೆಸಿನ್ ಹಿಡಿದ ಸುಣ್ಣ ಬಿಡಿಸಿ ಮತ್ತೆ ಸಜ್ಜು ಮಾಡಬೇಕು. ಒಂದೊಂದು ಸಲಕ್ಕೂ 4 ಕೆಜಿ ಉಪ್ಪು.

ಈಗ ಕ್ಯಾಲೆಂಡರ್ ನಂಬೋದಿಲ್ಲ. ಟೆಸ್ಟ್ ಕಿಟ್ಟಿನ ಹನಿ ಬಿಟ್ಟು ನೋಡುತ್ತೇನೆ. ನೀಲಿ ಬಂದರೆ ಸರಿ, ಗುಲಾಬಿ ಬಂದರೆ ಉಪ್ಪು. ನೀರಲ್ಲಿ ಕರಗಿರೋ ಲವಣವನ್ನೆಲ್ಲ ಒಟ್ಟಿಗೆ ಅಳೆಯುವ ಟಿಡಿಎಸ್ ಮೀಟರ್ ಹಿಡಿದು ಮಾತ್ರ ಜಗಳಕ್ಕೆ ಹೋಗಬೇಡಿ. ಸುಣ್ಣ ಹೋದ ಜಾಗಕ್ಕೆ ಸೋಡಿಯಂ ಬಂದು ಕೂರುತ್ತದೆ, ಅಂಕಿ ಇಳಿಯೋದಿಲ್ಲ.

ಒಂದು ತಪ್ಪು ನನ್ನದೇ. ಉಪ್ಪುನೀರು ಹೊರಬೀಳುವ ಪೈಪನ್ನು ಹಿತ್ತಲಿನ ನಿಂಬೆ ಗಿಡದ ಬುಡಕ್ಕೆ ಬಿಟ್ಟಿದ್ದೆ. ಎಲೆ ಅಂಚೆಲ್ಲ ಸುಟ್ಟ ಹಾಗಾಯ್ತು. ಭಾವ ಗಲ್ಫಿನಲ್ಲಿ ಸಮುದ್ರದ ನೀರು ಸಿಹಿ ಮಾಡುವ ಪ್ಲಾಂಟಿನಲ್ಲಿದ್ದಾರೆ. ರಜೆಗೆ ಬಂದವರು ಎಲೆ ಹಿಡಿದು, ‘ನಿನಗೆ ಉಪ್ಪು, ಅಲ್ಲಿ ನಮಗೆ ಬೋರಾನ್. ನಿಂಬೆ, ಕಿತ್ತಳೆ ಎರಡನ್ನೂ ತಡೆಯಲ್ಲ’ ಅಂದರು. ಸಮುದ್ರದ ನೀರಲ್ಲಿ ಲೀಟರಿಗೆ 4ರಿಂದ 5 ಮಿಲಿಗ್ರಾಂ ಬೋರಾನ್ ಇರುತ್ತದಂತೆ. ಅದು ಬೋರಿಕ್ ಆಮ್ಲದ ರೂಪದಲ್ಲಿ, ಚಾರ್ಜೇ ಇಲ್ಲದೆ ಇರೋದರಿಂದ ಉಪ್ಪು ಸೋಸುವ ಆರ್‌ಒ ಪೊರೆಯಲ್ಲಿ ಒಂದಷ್ಟು ನುಸುಳಿಬಿಡುತ್ತದೆ.

‘ನಮ್ಮ ರೆಸಿನ್ ಅದನ್ನ ಹಿಡಿಯುತ್ತಾ ಭಾವ?’

‘ಎಲ್ಲಿಂದ ಹಿಡಿಯುತ್ತಯ್ಯ! ಅದಕ್ಕೆ ಗ್ಲುಕಮೈನ್ ಅನ್ನೋ ರಾಸಾಯನಿಕ ಕೂರಿಸಿದ ರೆಸಿನ್ನೇ ಬೇರೆ. ಅದು ಬೋರಾನನ್ನ ಕಚ್ಚಿ ಹಿಡಿಯುತ್ತೆ. ಉಪ್ಪಿಗೆ ಬಿಡಲ್ಲ. ಮೊದಲು ಆಸಿಡ್ ಹಾಯಿಸಿ ಬಿಡಿಸಬೇಕು, ಆಮೇಲೆ ಕಾಸ್ಟಿಕ್ ಸೋಡಾ.’

ನಾಲ್ಕು ಕೆಜಿ ಕಲ್ಲುಪ್ಪಿಗೆ ಗೊಣಗುತ್ತಿದ್ದವನು ಸುಮ್ನಾದೆ.

ಐದಕ್ಕೆ ನಾಲ್ಕು ಸ್ಟಾರ್. ಕಾಯಿಲ್ ಮೂರು ವರ್ಷದಿಂದ ಒಂದೇ. ಪೈಪ್ ಚರಂಡಿಗೆ ತಿರುಗಿಸಿದ್ದೇನೆ. ನಿಂಬೆಗೆ ಈಗ ನೇರ ಬೋರ್ ನೀರು, ಹೊಸ ಚಿಗುರು ಬಂದಿದೆ.